ಮಣ್ಣಿನ ಮನೆಯ ಆಚಾರ್ಯ ಫ್ರಾಂಸ್ವಾ ಕ್ವಾಂತರೋ

ಮಣ್ಣಿನ ಗೋಡೆಯೆಂದರೆ ಬಡತನದ ಗುರುತೆಂದು ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ಕೈಯಲ್ಲಿ ನಾಲ್ಕು ಕಾಸು ಸೇರಿದೊಡನೆ ಅಜ್ಜನ ಕಾಲದ ಮಣ್ಣಿನ ಗೋಡೆಯನ್ನು ಕೆಡವಿ ಇಟ್ಟಿಗೆಯ ಗೋಡೆಯನ್ನೆಬ್ಬಿಸುವುದು ಹಳ್ಳಿಗಳಲ್ಲಿ ಪ್ರತಿಷ್ಠೆಯ ಮಾತಾಗಿದೆ. ಅಂತಹ ಮಣ್ಣನ್ನೇ ನಂಬಿ, ಅದರ ಗುಣಾವಗುಣಗಳನ್ನು ಅರಿಯುವುದರಲ್ಲಿಯೂ ಅರಿತುದನ್ನು ಇತರರಿಗೆ ತಿಳಿಸುವುದರಲ್ಲಿಯೂ ತನ್ನ ತೊಂಬತ್ತು ವರ್ಷಗಳ ಬಾಳಿನ ಅರ್ಧಭಾಗವನ್ನು ಸವೆಸಿದವನೊಬ್ಬನಿದ್ದನು. ಅವನೇ ಫ್ರಾನ್ಸ್ ದೇಶದ ಫ್ರಾಂಸ್ವಾ ಕ್ವಾಂತರೋ. ವಾಸ್ತುಶಿಲ್ಪದ ಚರಿತ್ರೆಯನ್ನು ಬಲ್ಲವರಿಗೆ ಈ ಹೆಸರು ಚಿರಪರಿಚಿತ. ಕಲಾ ಕಾಲೇಜಿನಲ್ಲಿ ಓದುವ ನಮಗೆ ಅದು ಕಿವಿಗೆ ಬೀಳದೆ ಹೋಗಿದ್ದರೆ ಆಶ್ಚರ್ಯವೇನೂ ಅಲ್ಲ. ಫ್ರಾನ್ಸಿನ ಮಹಾಕ್ರಾಂತಿಯ ಪಾಠದಲ್ಲಿ ರಾಜನ ತಲೆ ಉರುಳಿದ ಸಂಗತಿ ಬರುತ್ತದೆ, ನೆಪೋಲಿಯನ್ನನ ದಂಡಯಾತ್ರೆಗಳು ಬರುತ್ತವೆ. ಅದೇ ವರ್ಷಗಳಲ್ಲಿ ರೈತನ ಗೋಡೆಗೆ ಯಾವ ಮಣ್ಣು ಸರಿಯೆಂದು ಚಿಂತಿಸುತ್ತ ಕುಳಿತವನ ಕಥೆ ಬರುವುದಿಲ್ಲ.

ಕ್ವಾಂತರೋ ಹುಟ್ಟಿದುದು 1740ರಲ್ಲಿ, ಲಿಯೋನ್ ನಗರದಲ್ಲಿ. ರೋನ್ ಮತ್ತು ಸೋನ್ ಎಂಬ ಎರಡು ನದಿಗಳ ಸಂಗಮದಲ್ಲಿರುವ ಈ ಪಟ್ಟಣವು ರೇಷ್ಮೆಗೆ ಹೆಸರಾದುದು. ಆದರೆ ಪಟ್ಟಣದಿಂದ ಹೊರಕ್ಕೆ ಕಾಲಿಟ್ಟರೆ ಕಾಣುತ್ತಿದ್ದುದು ಮಣ್ಣಿನ ಮನೆಗಳು. ಅವು ನಮ್ಮ ಕಡೆ ಮಣ್ಣನ್ನು ಕಲಸಿ, ತುಳಿದು, ಮುದ್ದೆಯ ಮೇಲೆ ಮುದ್ದೆಯಿಟ್ಟು ಏರಿಸುವ ಗೋಡೆಗಳಂಥವಲ್ಲ. ಎರಡು ಕಡೆ ಹಲಗೆಯ ಅಚ್ಚು ಕಟ್ಟಿ, ನಡುವೆ ನಸುತೇವವಿರುವ ಮಣ್ಣನ್ನು ತೆಳುವಾಗಿ ಹರಡಿ, ಮರದ ಕೊಡತಿಯಿಂದ ದಮ್ಮಸು ಹೊಡೆದು, ಅದರ ಮೇಲೆ ಮತ್ತೊಂದು ಪದರ ಹಾಕಿ ಪುನಃ ಹೊಡೆದು ಎಬ್ಬಿಸಿದ ಗೋಡೆಗಳು ಅವು. ಫ್ರೆಂಚರು ಇದಕ್ಕೆ ಪಿಜೇ ಎನ್ನುತ್ತಾರೆ. ಕೆಸರಿನ ಗೋಡೆ ಒಣಗಿ ಗಟ್ಟಿಯಾಗಬೇಕು. ಪಿಜೇ ಗೋಡೆಯಾದರೋ ಅಚ್ಚು ಬಿಚ್ಚಿದ ಕ್ಷಣವೇ ನಿಲ್ಲುತ್ತದೆ. ಲಿಯೋನಿನ ಸುತ್ತಿನಲ್ಲಿ ಒಂದೂವರೆ ಅಡಿ ದಪ್ಪದ ಇಂತಹ ಗೋಡೆಗಳ ಮೇಲೆ ಎರಡು ಮೂರು ಅಂತಸ್ತಿನ ಮನೆಗಳಿದ್ದವು, ಇಂದಿಗೂ ಇವೆ.

ಕ್ವಾಂತರೋ ಈ ಗೋಡೆಗಳ ನಡುವೆ ಬೆಳೆದನು. ಕಟ್ಟಡದ ಕೆಲಸವನ್ನೂ ಮೋಜಣಿಯ ಕೆಲಸವನ್ನೂ ಕಲಿತು ತನ್ನ ಊರಿನಲ್ಲಿ ಜೀವನ ನಡೆಸುತ್ತಿದ್ದನು. ಪಿಜೇಯನ್ನು ಕಂಡುಹಿಡಿದವನು ಅವನಲ್ಲ. ಹಾಗೆಂದು ಹೇಳಿದರೆ ಅಪಚಾರವಾದೀತು. ರೋಮನ್ ಗ್ರಂಥಕರ್ತ ಪ್ಲಿನಿಯು ಸ್ಪೇನಿನ ಮತ್ತು ಆಫ್ರಿಕದ ಇಂತಹ ಗೋಡೆಗಳನ್ನು ಒಂದನೆಯ ಶತಮಾನದಲ್ಲಿಯೇ ವರ್ಣಿಸಿದ್ದಾನೆ. ಗೋಯಿಫೋನ್ ಎಂಬುವನು 1772ರಲ್ಲಿ ಪಿಜೇ ಕೆಲಸಗಾರರ ಕಲೆಯನ್ನು ಕುರಿತು ಒಂದು ಪುಸ್ತಕವನ್ನು ಹೊರತಂದಿದ್ದನು. ಮೇಸ್ತ್ರಿಗಳು ತಂದೆಯಿಂದ ಮಗನಿಗೆ ಕೈಯಿಂದ ಕೈಗೆ ದಾಟಿಸುತ್ತ ಬಂದ ವಿದ್ಯೆ ಅದು. ಆ ಕಣಿವೆಯನ್ನು ಬಿಟ್ಟು ಹೊರಗೆ ಬಂದರೆ ಅದನ್ನು ಬಲ್ಲವರು ವಿರಳ.

ಕ್ವಾಂತರೋವಿನ ಬಾಳಿಗೆ ತಿರುವು ಬಂದದ್ದು ನಡುವಯಸ್ಸಿನಲ್ಲಿ. ಉತ್ತರ ಫ್ರಾನ್ಸಿನ ಪಿಕಾರ್ಡಿ ಪ್ರಾಂತದಲ್ಲಿ ಮನೆಗಳಿಗೆ ಮರದ ಚೌಕಟ್ಟು, ಮೇಲೆ ಹುಲ್ಲಿನ ಛಾವಣಿ. ಒಂದು ಮನೆಗೆ ಕಿಡಿ ಬಿದ್ದರೆ ಊರಿಗೆ ಊರೇ ಬೂದಿ. ಅಲ್ಲಿನ ಆಮಿಯೆಂ ನಗರದ ವಿದ್ವತ್ಪರಿಷತ್ತು 1784ರಲ್ಲಿ ಒಂದು ಸ್ಪರ್ಧೆಯನ್ನು ಸಾರಿತು: ಹಳ್ಳಿಗಳಲ್ಲಿ ಬೆಂಕಿಯ ಅನಾಹುತವನ್ನು ತಡೆಯಲು ಸುಲಭವಾದ, ಅಗ್ಗವಾದ ಉಪಾಯವನ್ನು ತೋರಿಸಬೇಕು. ಕ್ವಾಂತರೋವಿನ ಮನಸ್ಸಿಗೆ ತನ್ನ ಊರಿನ ಗೋಡೆಗಳು ಬಂದವು. ಮಣ್ಣಿಗೆ ಬೆಂಕಿ ಹತ್ತುವುದಿಲ್ಲ; ಮಣ್ಣಿಗೆ ಬೆಲೆ ಕೊಡಬೇಕಾಗಿಲ್ಲ; ರೈತನ ಕಾಲಡಿಯಲ್ಲೇ ಅದು ಬಿದ್ದಿದೆ. ಹೀಗಿರುವಾಗ ಲಿಯೋನಿನ ವಿದ್ಯೆ ದೇಶಕ್ಕೆಲ್ಲ ಏಕೆ ಆಗಬಾರದು? ಅಂದಿನಿಂದ ಅವನಿಗೆ ಬೇರೆ ಯೋಚನೆ ಉಳಿಯಲಿಲ್ಲ.

ಆದರೆ ಇಲ್ಲಿಯೇ ತೊಡಕಿದ್ದುದು. ಲಿಯೋನಿನ ಮೇಸ್ತ್ರಿಗೆ ಮಣ್ಣನ್ನು ಆರಿಸುವ ಕಷ್ಟ ಹೆಚ್ಚಾಗಿ ಇರಲಿಲ್ಲ. ಪ್ರಾಚೀನ ಕಾಲದಲ್ಲಿ ಆಲ್ಪ್ಸ್ ಪರ್ವತದಿಂದ ಹಿಮನದಿಗಳು ಇಳಿದು ಬಂದು ಕಲ್ಲು, ಗರಸು, ಮರಳು, ಗೋಡು, ಜೇಡಿ ಎಲ್ಲವನ್ನೂ ಬೆರೆಸಿ ಆ ಸೀಮೆಯಲ್ಲಿ ಸುರಿದು ಹೋಗಿವೆ. ಅಲ್ಲಿನ ಬಹಳಷ್ಟು ಮಣ್ಣು ಭೂಮಿಯಲ್ಲಿಯೇ ಹದವಾಗಿ ಕಲಸಿಟ್ಟಂತಿದೆ. ಅಗೆದು ಅಚ್ಚಿಗೆ ಸುರಿದರೆ ಗೋಡೆಯಾಗುತ್ತದೆ. ಹಾಗಲ್ಲದ ಸೀಮೆಯಲ್ಲಿ ರೈತನು ಯಾವುದೋ ಮಣ್ಣನ್ನು ತುಂಬಿ ಕುಟ್ಟಿದರೆ ಗೋಡೆ ಬಿರಿಯುತ್ತದೆ, ಇಲ್ಲವೆ ಉದುರುತ್ತದೆ. ದೋಷ ಮಾತ್ರ ಪಿಜೇಗೆ ಬರುತ್ತದೆ. ಆದ್ದರಿಂದ ಕ್ವಾಂತರೋ ಹೇಳಿಕೊಡಬೇಕಾಗಿದ್ದುದು ಗೋಡೆ ಕಟ್ಟುವುದನ್ನಷ್ಟೇ ಅಲ್ಲ, ಮಣ್ಣನ್ನು ಗುರುತಿಸುವುದನ್ನು. ಅದನ್ನು ಹೇಳಬೇಕಾಗಿದ್ದುದು ಪ್ರಯೋಗಶಾಲೆಯನ್ನು ಕಂಡರಿಯದ, ತಕ್ಕಡಿಯೂ ಇಲ್ಲದ ಹಳ್ಳಿಗನಿಗೆ.

1789ರ ಸುಮಾರಿಗೆ ಅವನು ಪ್ಯಾರಿಸಿನಲ್ಲಿದ್ದನು. ಬಾಸ್ಟಿಲ್ ಕೋಟೆ ಬಿದ್ದ ವರ್ಷ ಅದು. ನಗರವೆಲ್ಲ ರಾಜಕೀಯದ ಕಾವಿನಲ್ಲಿ ಕುದಿಯುತ್ತಿದ್ದಾಗ ಇವನು ಗ್ರಾಮೀಣ ವಾಸ್ತುಶಿಲ್ಪದ ಶಾಲೆಯೊಂದನ್ನು ತೆರೆದು, ತನ್ನನ್ನು ಆ ವಿಷಯದ ಆಚಾರ್ಯನೆಂದು ಕರೆದುಕೊಂಡನು. ಅಂತಹ ಪದವಿ ಯಾವ ವಿಶ್ವವಿದ್ಯಾಲಯದಲ್ಲಿಯೂ ಇರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಸ್ವಲ್ಪ ಜಂಬದ ಮನುಷ್ಯನೆಂದು ಅವನ ಬರಹಗಳಿಂದ ತಿಳಿಯುತ್ತದೆ. ಆದರೆ ಆ ಜಂಬವೆಲ್ಲ ಮಣ್ಣಿನ ಪರವಾದ ಜಂಬ. 1790 ಮತ್ತು 1791ರಲ್ಲಿ ಅವನ ಪಾಠಗಳು ನಾಲ್ಕು ಪುಸ್ತಿಕೆಗಳಾಗಿ, ಚಿತ್ರಗಳೊಡನೆ ಹೊರಬಂದವು. ಅವನ ಕೀರ್ತಿಗೆಲ್ಲ ಈ ನಾಲ್ಕು ಪುಸ್ತಿಕೆಗಳೇ ಆಧಾರ.

ಅವುಗಳಲ್ಲಿ ಮಣ್ಣನ್ನು ಕುರಿತ ಭಾಗವು ನನಗೆ ಎಲ್ಲಕ್ಕಿಂತ ಹಿಡಿಸಿತು. ಸ್ಥೂಲವಾಗಿ ಅವನ ವಿಚಾರವಿದು. ಬರಿಯ ಜೇಡಿಮಣ್ಣು ಗೋಡೆಗೆ ಆಗದು. ನೀರನ್ನು ಹೀರಿ ಹಿಗ್ಗುವ ಅದು ಒಣಗುವಾಗ ಕುಗ್ಗುತ್ತದೆ. ಕುಗ್ಗಿದ ಗೋಡೆ ಸೀಳುತ್ತದೆ. ಬರಿಯ ಮರಳೂ ಆಗದು; ಅದರಲ್ಲಿ ಅಂಟಿಲ್ಲ. ಅಂಟುಳ್ಳ ಗಟ್ಟಿಮಣ್ಣಿನಲ್ಲಿ ಸಣ್ಣ ಗರಸು ಬೆರೆತಿದ್ದರೆ ಅದೇ ಉತ್ತಮ. ಇದರಲ್ಲೊಂದು ಸ್ವಾರಸ್ಯವುಂಟು. ಇಟ್ಟಿಗೆ ಸುಡುವವನು ಗರಸುಮಣ್ಣನ್ನು ಕಂಡರೆ ಮುಖ ತಿರುಗಿಸುತ್ತಾನೆ, ಕುಂಬಾರನಂತೂ ಹತ್ತಿರ ಸುಳಿಯುವುದಿಲ್ಲ. ಅವರಿಬ್ಬರೂ ಒಲ್ಲೆನೆಂದು ಬಿಟ್ಟ ಮಣ್ಣನ್ನೇ ಕ್ವಾಂತರೋ ಮೊದಲ ಮಣೆಯಲ್ಲಿ ಕೂರಿಸಿದನು. ಕಾರಣ ಸರಳ. ಕಲ್ಲುಹರಳುಗಳು ಕುಗ್ಗುವುದಿಲ್ಲ. ಅವು ಒಂದಕ್ಕೊಂದು ಒತ್ತಿಕೊಂಡು ಗೋಡೆಯ ಮೂಳೆಯಾಗುತ್ತವೆ. ಅವುಗಳ ಸಂದಿಯನ್ನು ಮರಳು ತುಂಬುತ್ತದೆ. ಎಲ್ಲವನ್ನೂ ಜೇಡಿಯು ಅಂಟಿನಂತೆ ಹಿಡಿಯುತ್ತದೆ. ಅಂಟು ಬೇಕು, ಆದರೆ ಅಂಟೇ ಗೋಡೆಯಾಗಬಾರದು.

ಒಳ್ಳೆಯ ಮಣ್ಣು ಎಲ್ಲಿದೆಯೆಂದು ತಿಳಿಯಲು ಅವನು ಕೊಟ್ಟ ಗುರುತುಗಳು ಹೊಲದಲ್ಲಿ ನಡೆದಾಡುವವನ ಗುರುತುಗಳು. ನೇಗಿಲು ಹೂಡಿದಾಗ ಅಥವಾ ಗುದ್ದಲಿ ಹಾಕಿದಾಗ ದೊಡ್ಡ ದೊಡ್ಡ ಹೆಂಟೆಗಳೇಳುತ್ತಿದ್ದರೆ, ಆ ಹೆಂಟೆಗಳನ್ನು ಬೆರಳಿನಿಂದ ಪುಡಿಮಾಡಲು ಕಷ್ಟವಾದರೆ, ಆ ಮಣ್ಣಿನಲ್ಲಿ ಸತ್ತ್ವವಿದೆ. ಹೊಲದಲ್ಲಿ ಇಲಿಗಳ ಬಿಲಗಳು ಕುಸಿಯದೆ ನಿಂತಿದ್ದರೆ ಅದೂ ಒಳ್ಳೆಯ ಸೂಚನೆ. ಗಾಡಿಯ ಚಕ್ರಗಳು ದಾರಿಯಲ್ಲಿ ಆಳವಾದ ಜಾಡು ಮಾಡಿದ್ದರೆ, ದಾರಿಯು ಸವೆದು ತಗ್ಗಾಗಿ ಎರಡೂ ಪಕ್ಕದ ದಂಡೆಗಳು ಗೋಡೆಯಂತೆ ನೆಟ್ಟಗೆ ನಿಂತಿದ್ದರೆ, ಅಲ್ಲಿ ಅಗೆಯಬಹುದು. ಇಳಿಜಾರಿನ ಬುಡದಲ್ಲಿಯೂ ನದಿಗಳ ಹತ್ತಿರವೂ ಹುಡುಕಬಹುದು. ಇಲಿಯ ಬಿಲವನ್ನೂ ಗಾಡಿಯ ಜಾಡನ್ನೂ ಸಾಕ್ಷಿಗೆ ಕರೆದ ವಾಸ್ತುಶಿಲ್ಪಿ ಇನ್ನೊಬ್ಬನಿದ್ದಾನೆಯೋ ಇಲ್ಲವೋ ಕಾಣೆ.

ಗುರುತುಗಳು ಸಾಲವು, ಪರೀಕ್ಷೆಯೂ ಬೇಕು. ಅವನು ಹೇಳಿದ ಪರೀಕ್ಷೆಗಳಲ್ಲಿ ಮುಖ್ಯವಾದುದು ಇದು. ತಳವಿಲ್ಲದ ಒಂದು ಚಿಕ್ಕ ಮರದ ಬಾನಿಯನ್ನು ತೆಗೆದುಕೊಳ್ಳಬೇಕು. ನೆಲದಲ್ಲಿ ಕುಣಿ ತೋಡಿ, ತಳಕ್ಕೆ ಕಲ್ಲನ್ನಿಟ್ಟು, ಅದರ ಮೇಲೆ ಬಾನಿಯನ್ನು ಇಳಿಸಿ, ಸುತ್ತಲೂ ಮಣ್ಣು ತುಂಬಿ ಬಿಗಿಗೊಳಿಸಬೇಕು. ಇಲ್ಲವಾದರೆ ಏಟಿಗೆ ಬಾನಿ ಒಡೆದೀತು. ಬಳಿಕ ಪರೀಕ್ಷಿಸುವ ಮಣ್ಣನ್ನು ಮೂರು ನಾಲ್ಕು ಅಂಗುಲದಷ್ಟು ಹಾಕಿ ಕುಟ್ಟಿ, ಪದರದ ಮೇಲೆ ಪದರವಾಗಿ ತುಂಬಿ, ಬಾನಿಯನ್ನು ಹೊರತೆಗೆದು ಮಣ್ಣಿನ ದಿಂಡನ್ನು ಬಿಡಿಸಬೇಕು. ಅದು ಬಯಲಿನಲ್ಲಿ ಬಿಸಿಲುಗಾಳಿಗೆ ನಿಂತು ದಿನದಿನಕ್ಕೆ ಗಟ್ಟಿಯಾಗುತ್ತ ಹೋದರೆ ಆ ಮಣ್ಣಿನಿಂದ ಧೈರ್ಯವಾಗಿ ಮನೆ ಕಟ್ಟಬಹುದು. ಇಷ್ಟು ತಾಳ್ಮೆಯಿಲ್ಲದವರು ಕೈಯಲ್ಲಿ ಬಲವಾಗಿ ಹಿಸುಕಿ ಉಂಡೆಗಳನ್ನು ಮಾಡಿ, ಯಾವ ಉಂಡೆ ಎಲ್ಲಿಯದೆಂದು ಗುರುತಿಟ್ಟು, ಒಣಗಿದ ಮೇಲೆ ನೋಡಬಹುದು.

ಇದನ್ನು ಓದಿದಾಗ ಸುಮ್ಮನಿರಲಾಗಲಿಲ್ಲ. ರಜೆಯಲ್ಲಿ ಊರಿನಿಂದ ಬರುವಾಗ ನಮ್ಮ ಹೊಲದ ಎರೆಮಣ್ಣನ್ನು ಒಂದು ಚೀಲದಲ್ಲಿ ತಂದೆ. ವಿದ್ಯಾರ್ಥಿನಿಲಯದ ಹಿಂದೆ ಬಾವಿಗಾಗಿ ತೋಡಿದ್ದ ಕೆಂಪು ಗರಸುಮಣ್ಣು ಗುಡ್ಡೆಯಾಗಿ ಬಿದ್ದಿತ್ತು. ಎರಡರಿಂದಲೂ ಉಂಡೆ ಮಾಡಿ ಕಿಟಕಿಯ ಮೇಲಿಟ್ಟೆ. ಕೊಠಡಿಯ ಗೆಳೆಯರು ನಕ್ಕರು. ಒಬ್ಬನಂತೂ ಅವನ್ನು ಚಿಗಳಿಯೆಂದೇ ಕರೆಯತೊಡಗಿದನು. ಮಾಡುವಾಗ ಎರೆಮಣ್ಣಿನ ಉಂಡೆ ನುಣ್ಣಗೆ, ಹೊಳಪಾಗಿ, ನೋಡಲು ಚೆಲುವಾಗಿತ್ತು. ನಾಲ್ಕನೆಯ ದಿನಕ್ಕೆ ಅದು ನಡುವೆ ಬಿರುಕು ಬಿಟ್ಟಿತು. ವಾರ ಕಳೆಯುವಷ್ಟರಲ್ಲಿ ಮೂರು ಹೋಳು. ಒರಟು ಮುಖದ ಕೆಂಪು ಉಂಡೆ ಮಾತ್ರ ಹಾಗೆಯೇ ಇತ್ತು. ಮೊಣಕಾಲೆತ್ತರದಿಂದ ಬಿಟ್ಟರೂ ಒಡೆಯಲಿಲ್ಲ. ಎರೆಮಣ್ಣಿನ ಜೇಡಿಯ ಕಣಗಳು ತಮ್ಮ ಪದರಗಳ ನಡುವೆ ನೀರನ್ನು ಸೆಳೆದುಕೊಂಡು ಬಹಳ ಹಿಗ್ಗುವ ಜಾತಿಯವು, ಕೆಮ್ಮಣ್ಣಿನವು ಹೆಚ್ಚಾಗಿ ಅಷ್ಟು ಹಿಗ್ಗದ ಜಾತಿಯವು ಎಂದು ವಿಜ್ಞಾನ ಹೇಳುತ್ತದೆ. ಕ್ವಾಂತರೋವಿಗೆ ಈ ಕಣಗಳ ವಿಚಾರ ತಿಳಿದಿರಲಿಲ್ಲ, ಉಂಡೆಯ ವಿಚಾರ ತಿಳಿದಿತ್ತು.

ದೊರೆತ ಮಣ್ಣು ಹದವಾಗಿಲ್ಲವೆಂದಾದರೆ ಬೆರೆಸಬೇಕು. ಅಂಟು ಹೆಚ್ಚಾದ ಮಣ್ಣಿಗೆ ಮರಳು, ಗರಸು, ಹಳೆಯ ಕಟ್ಟಡದ ಪುಡಿ. ಸಡಿಲವಾದ ಮಣ್ಣಿಗೆ ಜೇಡಿ. ಇಂತಿಷ್ಟೇ ಎಂಬ ಒಂದು ಲೆಕ್ಕವನ್ನು ಅವನು ಎಲ್ಲ ಊರಿಗೂ ಕೊಡಲಿಲ್ಲ, ಕೊಡುವುದು ಸಾಧ್ಯವೂ ಇರಲಿಲ್ಲ. ಬಾನಿಯ ಪರೀಕ್ಷೆಯೇ ಲೆಕ್ಕ. ಬೇರು, ಹುಲ್ಲು, ಗೊಬ್ಬರ ಮುಂತಾದ ಕೊಳೆಯುವ ವಸ್ತುಗಳನ್ನು ಪೂರ್ಣವಾಗಿ ತೆಗೆಯಬೇಕು. ಅವು ಕೊಳೆತ ಜಾಗದಲ್ಲಿ ಗೋಡೆಯೊಳಗೆ ಟೊಳ್ಳು ಉಳಿಯುತ್ತದೆ. ಅಕ್ರೋಟಿಗಿಂತ ದೊಡ್ಡ ಕಲ್ಲುಗಳನ್ನು ಹಲ್ಲುಗಳುಳ್ಳ ಗೋರೆಯಿಂದ ಎಳೆದು ಬೇರ್ಪಡಿಸಬೇಕು.

ಮಿಶ್ರಣದಲ್ಲಿ ನೀರೂ ಒಂದು ದ್ರವ್ಯವೆಂಬುದನ್ನು ಅವನು ಮರೆಯಲಿಲ್ಲ. ಭೂಮಿಯಿಂದ ಆಗತಾನೆ ಅಗೆದ ಮಣ್ಣಿನ ತೇವವೇ ಹದ. ಒಣಗಿಹೋಗಿದ್ದರೆ ಕೈಯಿಂದ ಚಿಮುಕಿಸಬೇಕು, ಸುರಿಯಬಾರದು. ನೀರು ಹೆಚ್ಚಾದ ಮಣ್ಣು ಕೊಡತಿಯ ಕೆಳಗೆ ಕೆಸರಾಗಿ ಪಕ್ಕಕ್ಕೆ ಜಾರುತ್ತದೆ, ಎಷ್ಟು ಹೊಡೆದರೂ ಬಿಗಿಯಾಗದು. ಮಳೆ ಬಂದರೆ ಕೆಲಸ ನಿಲ್ಲಿಸಬೇಕು. ಅವನೊಮ್ಮೆ ಕುಟ್ಟಿದ ಮಣ್ಣಿನ ಗಟ್ಟಿಯೊಂದನ್ನು ತೂಗಿ, ಹದಿನೈದು ದಿನಕ್ಕೊಮ್ಮೆ ಪುನಃ ತೂಗುತ್ತ ಬಂದನು. ಮೊದಲ ಹದಿನೈದು ದಿನಗಳಲ್ಲಿ ಬಹುಪಾಲು ನೀರು ಹೋಯಿತು. 45 ದಿನಗಳಲ್ಲಿ ತೂಕ ನಿಂತಿತು. ಒಟ್ಟು ತೂಕದಲ್ಲಿ ಸುಮಾರು ಎಂಟನೆಯ ಒಂದು ಭಾಗ ಇಳಿದಿತ್ತು. ಚಿಕ್ಕ ಗಟ್ಟಿಗೇ ಒಂದೂವರೆ ತಿಂಗಳು ಬೇಕಾದರೆ ಇಡೀ ಗೋಡೆಗೆ ಎಷ್ಟು ಬೇಕೆಂದು ಯೋಚಿಸಬಹುದು. ಗಾರೆ ಹಚ್ಚುವುದಕ್ಕೆ ಅವಸರ ಮಾಡಬಾರದೆಂದು ಅವನು ಒತ್ತಿ ಹೇಳಿದುದು ಇದಕ್ಕಾಗಿಯೇ. ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಗಾರೆಯನ್ನು ಕಿತ್ತೊಗೆಯುತ್ತದೆ. ಗೋಡೆಯ ಬುಡವು ನೆಲದಿಂದ ಎರಡಡಿಯಾದರೂ ಕಲ್ಲಿನದಾಗಿರಬೇಕು, ಮಳೆಯ ಹನಿ ನೆಲಕ್ಕೆ ಬಿದ್ದು ಚಿಮ್ಮಿ ಮಣ್ಣನ್ನು ಕೊರೆಯದಂತೆ.

ಈ ಪುಸ್ತಿಕೆಗಳು ಬಹು ದೂರ ಹೋದವು. ಜರ್ಮನ್, ಡೇನಿಶ್, ಇಟಾಲಿಯನ್ ಭಾಷೆಗಳಿಗೆ ತಿರುಗಿದವು. 1797ರಲ್ಲಿ ಹೆನ್ರಿ ಹಾಲೆಂಡ್ ಎಂಬ ವಾಸ್ತುಶಿಲ್ಪಿ ಇಂಗ್ಲೆಂಡಿನ ಕೃಷಿ ಮಂಡಲಿಗಾಗಿ ಇವುಗಳ ಸಾರವನ್ನು ಇಂಗ್ಲಿಷಿನಲ್ಲಿ ಬರೆದನು. ಅಮೆರಿಕದ ರಾಯಭಾರಿಯಾಗಿ ಪ್ಯಾರಿಸಿನಲ್ಲಿದ್ದ ಥಾಮಸ್ ಜೆಫರ್ಸನ್ನನಿಗೆ ಕ್ವಾಂತರೋವಿನ ಪರಿಚಯವಾಗಿತ್ತು. ಆ ಹೊಸ ರಾಷ್ಟ್ರಕ್ಕೆ ಹೋಗಿ ಮಣ್ಣಿನ ಮನೆ ಕಟ್ಟಿಸಬೇಕೆಂಬ ಆಸೆಯಿಂದ ಕ್ವಾಂತರೋ ಅವನಿಗೆ ಕಾಗದಗಳನ್ನು ಬರೆದನು. ಫಲವಾಗಲಿಲ್ಲ. ಅವನು ಹೋಗದಿದ್ದರೂ ಅವನ ವಿದ್ಯೆ ಹೋಯಿತು: 1806ರಲ್ಲಿ ನ್ಯೂ ಜೆರ್ಸಿಯಲ್ಲಿ ಜಾನ್ಸನ್ ಎಂಬುವನು ಪ್ರಕಟಿಸಿದ ಗ್ರಾಮೀಣ ಅರ್ಥವ್ಯವಸ್ಥೆಯ ಪುಸ್ತಕದಲ್ಲಿ ಪಿಜೇ ಕಟ್ಟುವ ಕ್ರಮ ವಿವರವಾಗಿ ಬಂದಿತು.

ಸ್ವದೇಶದಲ್ಲಿ ಅವನ ಅದೃಷ್ಟ ಅಷ್ಟು ಚೆನ್ನಾಗಿರಲಿಲ್ಲ. ರಾಜನ ಸರ್ಕಾರ ಹೋಯಿತು, ಗಣರಾಜ್ಯ ಬಂದಿತು, ಚಕ್ರವರ್ತಿ ಬಂದನು, ಮತ್ತೆ ರಾಜನೇ ಬಂದನು. ಮಣ್ಣಿನ ಆಚಾರ್ಯನು ಸರ್ಕಾರದ ಆಶ್ರಯಕ್ಕಾಗಿ ಮನವಿಗಳನ್ನು ಬರೆಯುವುದು ಮಾತ್ರ ತಪ್ಪಲಿಲ್ಲ. ನೆಪೋಲಿಯನ್ 1804ರಲ್ಲಿ ಪಶ್ಚಿಮ ಫ್ರಾನ್ಸಿನ ವಾಂದೇ ಪ್ರಾಂತದಲ್ಲಿ ಲಾ ರೋಶ್ ಎಂಬಲ್ಲಿ ಹೊಸ ಪಟ್ಟಣವನ್ನು ಕಟ್ಟಲು ಅಪ್ಪಣೆ ಮಾಡಿದನು. ಅವಸರದ ಕೆಲಸ, ಇಂಜಿನಿಯರು ಪಿಜೇಯನ್ನು ಆಶ್ರಯಿಸಿದನು. 1808ರಲ್ಲಿ ಚಕ್ರವರ್ತಿಯು ಸ್ವತಃ ಬಂದು ನೋಡಿ, ತನ್ನ ಪಟ್ಟಣವನ್ನು ಮಣ್ಣಿನಿಂದ ಕಟ್ಟಿದರೆಂದು ಕೆಂಡಾಮಂಡಲವಾದನು. ಇಂಜಿನಿಯರು ಕೆಲಸ ಕಳೆದುಕೊಂಡನು. ಅಟ್ಲಾಂಟಿಕ್ ಸಾಗರದ ಮಳೆಗಾಳಿ ಬೀಸುವ ಸೀಮೆ ಅದು; ಅಲ್ಲಿನ ಜನಕ್ಕೆ ಈ ಕೆಲಸದ ರೂಢಿಯಿರಲಿಲ್ಲ. ಇಂಜಿನಿಯರಿನ ಪಾಡು ಹಾಗಿರಲಿ, ಮಣ್ಣಿನ ಹೆಸರಿಗೆ ಬಂದ ಕಳಂಕ ಅಷ್ಟು ಬೇಗ ಹೋಗುವಂತಹುದಲ್ಲ.

ಕ್ವಾಂತರೋ ಹಟ ಬಿಡಲಿಲ್ಲ. ಗೋಡೆಯ ಮೇಲೆಯೇ ಕುಟ್ಟುವುದು ಎಲ್ಲರ ಕೈಗೆ ಬರದಿದ್ದರೆ, ಮಣ್ಣನ್ನು ಮೊದಲೇ ಯಂತ್ರದಲ್ಲಿ ಒತ್ತಿ ಗಟ್ಟಿಗಳನ್ನಾಗಿ ಮಾಡಿ ಜೋಡಿಸಬಹುದಲ್ಲವೆ? ದ್ರಾಕ್ಷಿಯ ರಸ ಹಿಂಡುವ ಯಂತ್ರವನ್ನು ಮಾದರಿಯಾಗಿಟ್ಟುಕೊಂಡು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅವನೊಂದು ಒತ್ತುಯಂತ್ರವನ್ನು ಮಾಡಿದನು; ಕ್ರೆಸೀಸ್ ಎಂದು ಅದರ ಹೆಸರು. ಇಂದು ನಾವು ಕಾಣುವ, ಮಣ್ಣಿನ ಗಟ್ಟಿಗಳನ್ನು ಒತ್ತುವ ಯಂತ್ರಗಳಿಗೆಲ್ಲ ಅದು ಹಿರಿಯಜ್ಜನಿದ್ದಂತೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ವಿಭಾಗವು ಕೆಮ್ಮಣ್ಣಿಗೆ ಸ್ವಲ್ಪ ಸಿಮೆಂಟನ್ನು ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ ಗಟ್ಟಿಗಳನ್ನು ಮಾಡುವುದನ್ನು ವರ್ಷಗಟ್ಟಲೆ ಶೋಧಿಸಿತು. ಅಂತಹ ಗಟ್ಟಿಗಳ ಮನೆಗಳು ಬೆಂಗಳೂರಿನಲ್ಲಿ ಸಾಕಷ್ಟಿವೆ. ಅಲ್ಲಿಯೂ ಮೊದಲ ಪ್ರಶ್ನೆ ಮಣ್ಣಿನದೇ. ಜೇಡಿ ಹೆಚ್ಚಾದರೆ ಮರಳನ್ನು ಸೇರಿಸಿಯೇ ಒತ್ತಬೇಕು.

ಈಗಿನ ತಜ್ಞರು ಮಣ್ಣನ್ನು ಜರಡಿ ಹಿಡಿದು ಅಳೆಯುತ್ತಾರೆ. ದಮ್ಮಸು ಹೊಡೆಯುವ ಗೋಡೆಗೆ ಜೇಡಿಯು ನೂರಕ್ಕೆ ಹತ್ತರಿಂದ ಇಪ್ಪತ್ತೈದು ಭಾಗದೊಳಗೆ, ಮರಳು ಗರಸು ಸೇರಿ ಅರ್ಧಕ್ಕೂ ಮಿಕ್ಕು, ಉಳಿದುದು ಗೋಡು. ನೀರು ನೂರಕ್ಕೆ ಹತ್ತರ ಆಸುಪಾಸು ಎಂಬುದು ಸಾಮಾನ್ಯವಾಗಿ ಒಪ್ಪಿದ ಲೆಕ್ಕ. ಒಂದು ಗಾಜಿನ ಸೀಸೆಯಲ್ಲಿ ಮಣ್ಣು ನೀರು ತುಂಬಿ, ಕುಲುಕಿ ಇಟ್ಟರೆ ಮೊದಲು ಗರಸು, ಮೇಲೆ ಮರಳು, ಅದರ ಮೇಲೆ ಗೋಡು, ಕಟ್ಟಕಡೆಗೆ ಜೇಡಿ ಹೀಗೆ ಪದರಪದರವಾಗಿ ತಂಗುತ್ತದೆ. ಪಾಲುಗಳು ಕಣ್ಣಿಗೇ ಕಾಣುತ್ತವೆ. ಅಂಕಿಗಳು ಹೊಸವು. ಆದರೆ ಹದವಾದ ಮಣ್ಣೆಂದು ಇವು ತೋರಿಸುವುದು ಇಟ್ಟಿಗೆಯವನು ಬಿಟ್ಟ ಅದೇ ಗರಸುಮಣ್ಣನ್ನು.

ಎಪ್ಪತ್ತರಷ್ಟು ಪುಸ್ತಿಕೆಗಳನ್ನು ಬರೆದು ಮುಗಿಸಿ, 1830ರಲ್ಲಿ ಕ್ವಾಂತರೋ ಪ್ಯಾರಿಸಿನಲ್ಲಿ ತೀರಿಕೊಂಡನು. ಬಯಸಿದ ರಾಜಾಶ್ರಯ ಬಯಸಿದಷ್ಟು ದೊರೆಯಲೇ ಇಲ್ಲ. ಅದೇ ಕಾಲದಲ್ಲಿ ಜರ್ಮನಿಯ ವೈಲ್ಬುರ್ಗ್ ಎಂಬ ಊರಿನಲ್ಲಿ ವಿಂಪ್ಫ್ ಎಂಬುವನು ಪಿಜೇಯಿಂದ ಒಂದಾದ ಮೇಲೊಂದು ಮನೆ ಕಟ್ಟಿಸುತ್ತಿದ್ದನು. ಅವುಗಳಲ್ಲೊಂದು ಐದಾರು ಅಂತಸ್ತಿನದು. ಅದರಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ. ಅಮೆರಿಕದ ದಕ್ಷಿಣ ಕ್ಯಾರೊಲಿನದ ಸ್ಟೇಟ್‌ಬರ್ಗಿನಲ್ಲಿ ಆಂಡರ್ಸನ್ ಎಂಬ ವೈದ್ಯನು ಜಾನ್ಸನ್ನನ ಪುಸ್ತಕವನ್ನೋದಿ 1821ರಲ್ಲಿ ತನ್ನ ಮನೆಯ ಕಟ್ಟಡಗಳನ್ನು ಮಣ್ಣಿನಿಂದ ಎಬ್ಬಿಸಿದನು. ಮೂವತ್ತು ವರ್ಷದ ಮೇಲೆ ಅದೇ ಊರಿನಲ್ಲಿ ಒಂದು ಇಗರ್ಜಿಯೇ ಮಣ್ಣಿನಿಂದ ಎದ್ದಿತು, ಅದೂ ನಿಂತಿದೆ. ಲಿಯೋನಿಗೆ ಸಮೀಪದ ವಿಲ್‌ಫೋಂತೆನ್ ಎಂಬಲ್ಲಿ 1985ರಲ್ಲಿ ಮಣ್ಣಿನಿಂದಲೇ ಅರವತ್ತೈದು ಮನೆಗಳ ಒಂದು ಬಡಾವಣೆಯನ್ನು ಕಟ್ಟಿದರು. ಗ್ರೆನೋಬ್ಲಿನ ವಾಸ್ತುಶಿಲ್ಪಿಗಳು ಆ ಕೆಲಸಕ್ಕೆ ನೆರವಾದರು. ಕ್ವಾಂತರೋ ಬಾಲ್ಯದಲ್ಲಿ ಕಂಡ ಗೋಡೆಗಳ ಸೀಮೆಯೇ ಅದು.